ದಿಗ್ವ್ರತವೂ ತುಳುನಾಡಿನ ಪ್ರವಾಸವೂ

ಗೃಹಸ್ಥನಾದ ಶ್ರಾವಕನು ಕೇವಲ ನೋಡುವ ಸಂತೋಷಕ್ಕಾಗಿ ಊರೂರು ತಿರುಗಬಹುದೇ? ತಿರುಗಬಹುದಾದರೆ ಎಲ್ಲಿಯವರೆಗೆ? ಈ ಪ್ರಶ್ನೆ ನನಗೆ ಸ್ವಾಧ್ಯಾಯದ ಪೀಠದ ಮುಂದೆ ಎದುರಾದುದಲ್ಲ. ಕಳೆದ ದೀಪಾವಳಿಯ ಮರುದಿನ ಶಹಾಪುರದ ನಮ್ಮ ಮನೆಯ ಪಡಸಾಲೆಯಲ್ಲಿ ಕರ್ನಾಟಕದ ಭೂಪಟವೊಂದನ್ನು ಹಾಸಿ, ಅದು ಸುರುಳಿ ಸುತ್ತಿಕೊಳ್ಳದಂತೆ ನಾಲ್ಕು ಮೂಲೆಗೂ ನಾಲ್ಕು ಬಟ್ಟಲನ್ನಿಟ್ಟು, ಮಗ, ಸೊಸೆ, ಮೊಮ್ಮಗಳು, ನಮ್ಮ ಮನೆಯವರು ಮತ್ತು ನಾನು ಸುತ್ತಲೂ ಕುಳಿತಾಗ ಎದುರಾದುದು.

ಮಗನು ಹೈದರಾಬಾದಿನಲ್ಲಿ ಎಂಜಿನಿಯರನಾಗಿದ್ದಾನೆ. ಡಿಸೆಂಬರ್ ಕೊನೆಗೆ ಅವನಿಗೂ ಅವನ ಮಗಳ ಶಾಲೆಗೂ ರಜೆ. ಹುಡುಗಿ ಆರನೆಯ ತರಗತಿಯವಳು, ಕಡಲನ್ನು ಕಂಡವಳಲ್ಲ. ಅವಳು ಕಂಡ ಅತಿ ದೊಡ್ಡ ನೀರೆಂದರೆ ನಾರಾಯಣಪುರದ ಬಸವಸಾಗರ. ಅದರ ದಂಡೆಯಲ್ಲಿ ನಿಂತು, ಆಚೆಯ ದಂಡೆ ಕಾಣದಂಥ ನೀರು ಎಲ್ಲಿದೆ ಎಂದು ಕೇಳಿದ್ದಳು. ಭೂಗೋಳ ಕಲಿಸಿ ಕಾಲ ಕಳೆದ ಮಾಸ್ತರನಿಗೆ ಮೊಮ್ಮಗಳು ಇಂಥ ಪ್ರಶ್ನೆ ಕೇಳಿದರೆ ಸುಮ್ಮನಿರಲಾದೀತೆ?

ಮಗನ ಮೊದಲ ಮಾತು ಬೇರೆಯೇ ಆಗಿದ್ದಿತು. "ಅಪ್ಪಾ, ಶ್ರೀಲಂಕಾಕ್ಕ ಹೋಗೋಣೇನ್ರಿ? ಸಣ್ಣ ದೇಶ, ಸುತ್ತ ಕಡಲು, ಒಂದು ವಾರದಾಗ ನೋಡಿ ಬರಬಹುದು" ಎಂದನು. ನಾನು ಮಾತನಾಡಲಿಲ್ಲ. ನಮ್ಮ ಮನೆಯವರೇ ಹೇಳಿದರು: "ಅವರದು ದಿಕ್ಕಿನ ವ್ರತ ಅದ, ಮರ್ತೇನು?"

ಆ ವ್ರತದ ವಿಷಯ ಇಲ್ಲಿ ಹೇಳಬೇಕಾಗುತ್ತದೆ. 2018ರ ಫೆಬ್ರವರಿಯಲ್ಲಿ ಶ್ರವಣಬೆಳಗೊಳದ ಮಹಾಮಸ್ತಕಾಭಿಷೇಕಕ್ಕೆ ಹೋಗಿದ್ದಾಗ, ನೌಕರಿ ಮುಗಿಯಲು ಇನ್ನೊಂದು ವರ್ಷವಿದ್ದಿತು. ಅಲ್ಲಿ ಮುನಿಗಳೊಬ್ಬರ ಸಮಕ್ಷಮದಲ್ಲಿ ಯಾವಜ್ಜೀವ ದಿಗ್ವ್ರತವನ್ನು ಸ್ವೀಕರಿಸಿದೆನು. ಉತ್ತರಕ್ಕೆ ಸಮ್ಮೇದಗಿರಿ, ದಕ್ಷಿಣಕ್ಕೆ ಕುಂದಕುಂದಾಚಾರ್ಯರ ಪೊನ್ನೂರು ಬೆಟ್ಟ, ಪೂರ್ವ ಪಶ್ಚಿಮಗಳಿಗೆ ಕಡಲು. ಮೇಲಕ್ಕೆ ಸಮ್ಮೇದಶಿಖರದ ಎತ್ತರ, ಕೆಳಕ್ಕೆ ಬಾವಿಯ ಆಳ. ಮೇರೆಗಳನ್ನು ಪ್ರಸಿದ್ಧವಾದ ಗುರುತುಗಳಿಂದಲೇ ಹಾಕಿಕೊಳ್ಳಬೇಕೆಂದು ಸ್ವಾಮಿ ಸಮಂತಭದ್ರರು ರತ್ನಕರಂಡಕ ಶ್ರಾವಕಾಚಾರದಲ್ಲಿ ಹೇಳಿದ್ದಾರೆ. ಅವರು ಎಣಿಸುವ ಗುರುತುಗಳಲ್ಲಿ ಮೊದಲನೆಯದೇ ಸಮುದ್ರ. ನದಿ, ಅಡವಿ, ಬೆಟ್ಟ, ನಾಡು, ಯೋಜನ ಇವು ಅದರ ತರುವಾಯ. ಆ ದಿನ ನನಗೆ ಕಡಲು ಅತ್ಯಂತ ಸ್ಪಷ್ಟವಾದ ಗೆರೆಯೆಂದು ತೋರಿತು. ನಮ್ಮ ಎರೆನೆಲದವರಿಗೆ ಕಡಲೆಂಬುದು ಪಟದ ಮೇಲಿನ ನೀಲಿ ಬಣ್ಣವಷ್ಟೆ. ನೀಲಿ ಎಲ್ಲಿ ಆರಂಭವೋ ಅಲ್ಲಿ ನನ್ನ ನಡಿಗೆ ಮುಗಿಯಿತು ಎಂದುಕೊಂಡೆನು.

ಶ್ರೀಲಂಕೆ ಬಿಟ್ಟುಹೋಯಿತು. "ಹಂಗಾದ್ರ ನಮ್ಮಲ್ಲೇ ಒಂದು ಸಣ್ಣ ಕಡಲ ದೇಶ ತೋರ್ಸ್ರಿ" ಎಂದು ಮಗನು ನಗುತ್ತ ಸವಾಲು ಹಾಕಿದನು. ನಾನು ತುಳುನಾಡಿನ ಮೇಲೆ ಬೆರಳಿಟ್ಟೆನು. ಇಂದು ಅದು ರಾಜ್ಯವಲ್ಲ, ಒಂದೇ ಜಿಲ್ಲೆಯೂ ಅಲ್ಲ. ದಕ್ಷಿಣ ಕನ್ನಡ ಮತ್ತು ಉಡುಪಿ ಜಿಲ್ಲೆಗಳಲ್ಲಿಯೂ ಕೇರಳದ ಕಾಸರಗೋಡಿನಲ್ಲಿಯೂ ಹಂಚಿಹೋಗಿದೆ. ಆದರೆ ಹಳೆಯ ಅರ್ಥದಲ್ಲಿ ಅದೊಂದು ದೇಶವೇ ಸರಿ. ಪೂರ್ವಕ್ಕೆ ಘಟ್ಟ, ಪಶ್ಚಿಮಕ್ಕೆ ಕಡಲು, ದಕ್ಷಿಣಕ್ಕೆ ಚಂದ್ರಗಿರಿ ಹೊಳೆ. ತನ್ನದೇ ಭಾಷೆ, ಆಳುಪರಿಂದ ಮೊದಲ್ಗೊಂಡು ತನ್ನದೇ ಅರಸರು. ಬಾರಕೂರು ಅದರ ಹಳೆಯ ರಾಜಧಾನಿ. ಆಮೇಲಿನ ಕಾಲದಲ್ಲಿ ಆ ಸಣ್ಣ ನಾಡನ್ನೂ ಇನ್ನೂ ಸಣ್ಣ ಅರಸುಮನೆತನಗಳು ಹಂಚಿಕೊಂಡು ಆಳಿದವು: ಕಾರ್ಕಳದ ಭೈರರಸರು, ವೇಣೂರಿನ ಅಜಿಲರು, ಮೂಡಬಿದಿರೆಯ ಚೌಟರು, ಬಂಗವಾಡಿಯ ಬಂಗರು. ಇವರೆಲ್ಲರೂ ಜೈನರೇ.

ಯೋಜನೆ ಹಾಕುವ ಕೆಲಸ ನನಗೆ ಬಂದಿತು. ಸೊಸೆ ತನ್ನ ಫೋನಿನಲ್ಲಿ ದಾರಿಯ ಲೆಕ್ಕ ಹೇಳುವುದು, ನಾನು ಕಾಗದದಲ್ಲಿ ಬರೆಯುವುದು. ಒಟ್ಟು ಎಂಟು ದಿನ. ಮೊದಲನೆಯ ದಿನ ಬೆಳಗಿನ ಜಾವ ಹೊರಟು, ತಿಂಥಣಿಯಲ್ಲಿ ಕೃಷ್ಣೆಯನ್ನು ದಾಟಿ, ಹೊಸಪೇಟೆಯ ಮೇಲೆ ಹಾದು ಶಿವಮೊಗ್ಗದಲ್ಲಿ ತಂಗುವುದು. ಎರಡನೆಯ ದಿನ ಆಗುಂಬೆಯ ಹದಿನಾಲ್ಕು ತಿರುವುಗಳನ್ನು ಇಳಿದು ಕಾರ್ಕಳ. ಅಲ್ಲಿ 1432ರಲ್ಲಿ ವೀರಪಾಂಡ್ಯನು ನಿಲ್ಲಿಸಿದ 42 ಅಡಿಯ ಬಾಹುಬಲಿಸ್ವಾಮಿ, ಎದುರಿನ ಗುಡ್ಡದ ಮೇಲೆ 1586ರ ಚತುರ್ಮುಖ ಬಸದಿ. ಮೂರನೆಯ ದಿನ ಮೂಡಬಿದಿರೆಯ ಹದಿನೆಂಟು ಬಸದಿಗಳು ಮತ್ತು ವೇಣೂರು. ವೇಣೂರಿನ ಬಾಹುಬಲಿ 1604ರಲ್ಲಿ ತಿಮ್ಮಣ್ಣಾಜಿಲನು ಸ್ಥಾಪಿಸಿದುದು. ನಾಲ್ಕನೆಯ ದಿನ ಧರ್ಮಸ್ಥಳ, ಸಂಜೆಗೆ ಮಂಗಳೂರು. ಐದನೆಯ ದಿನ ಉಳ್ಳಾಲ, ಬಂಗ್ರಮಂಜೇಶ್ವರದ ಬಸದಿಗಳು. ಆರನೆಯ ದಿನ 1901ರ ದೀಪಸ್ತಂಭವುಳ್ಳ ಕಾಪು, ಆಮೇಲೆ ಮಲ್ಪೆ. ಏಳನೆಯ ದಿನ ಬಾರಕೂರು, ವರಂಗ, ಮತ್ತೆ ಘಟ್ಟ ಹತ್ತುವುದು. ಎಂಟನೆಯ ದಿನ ಮನೆ.

ಮಗನು ದೀಪಾವಳಿಯ ರಜೆಯಲ್ಲಿಯೇ ಹೊರಡೋಣವೆಂದಿದ್ದನು. ಚಾತುರ್ಮಾಸದ ವಿಧಿಗಳು ಮುಗಿದು ಕಾರ್ತಿಕದ ಅಷ್ಟಾಹ್ನಿಕ ಪೂಜೆ ಕಳೆಯದೆ ನಾನು ಕದಲುವುದಿಲ್ಲವೆಂದೆನು. ಅದರಲ್ಲಿ ಚರ್ಚೆಗೆ ಆಸ್ಪದವಿರಲಿಲ್ಲ.

ಊಟದ ಹೊತ್ತಿನ ಲೆಕ್ಕ ಮಾತ್ರ ನಮಗೆ ಬಹಳ ಕೆಲಸ ಕೊಟ್ಟಿತು. ಅನಸ್ತಮಿತವನ್ನು ಪಾಲಿಸುವವರು ಪ್ರವಾಸದಲ್ಲಿ ಎಡವುವುದು ಇಲ್ಲಿಯೇ. ಕರಾವಳಿಗೆ ಹೋದವರೆಲ್ಲರೂ ಬಯಸುವುದು ಕಡಲ ದಂಡೆಯಲ್ಲಿ ಸೂರ್ಯಾಸ್ತ. ನಾವಾದರೋ ಸೂರ್ಯಾಸ್ತಕ್ಕೆ ಎರಡು ಘಳಿಗೆ, ಅಂದರೆ 48 ನಿಮಿಷ ಮೊದಲೇ ಊಟ ಮುಗಿಸಿರಬೇಕು. ಡಿಸೆಂಬರಿನಲ್ಲಿ ನಮ್ಮ ಯಾದಗಿರಿಗಿಂತ ಮಂಗಳೂರಿನಲ್ಲಿ ಸೂರ್ಯನು ಸುಮಾರು ಕಾಲು ಗಂಟೆ ತಡವಾಗಿ ಮುಳುಗುತ್ತಾನೆ. ಅಲ್ಲಿ ಆರು ಗಂಟೆ ಕಳೆದ ಮೇಲೆ ಅಸ್ತ. ನಮ್ಮ ಕೊನೆಯ ತುತ್ತು ಐದೂಕಾಲರ ಒಳಗೆ. ಹೀಗಾಗಿ ಪ್ರತಿ ಮಧ್ಯಾಹ್ನದ ನೋಡುವಿಕೆಯನ್ನು ನಾಲ್ಕಕ್ಕೆ ಕಡಿದು ಹಾಕಬೇಕಾಯಿತು. ಸೊಸೆ ಮೊದಲು ಮುಖ ಸಣ್ಣದು ಮಾಡಿದಳು. ಆಮೇಲೆ, ಊಟ ಮುಗಿಸಿ ಕುಳಿತರೆ ಸೂರ್ಯಾಸ್ತವನ್ನು ಗಡಿಬಿಡಿಯಿಲ್ಲದೆ ನೋಡಬಹುದಲ್ಲ ಎಂದು ಅವಳೇ ಹೇಳಿದಳು. ಗಾಳಿಸಿದ ನೀರು, ಒಣ ಅವಲಕ್ಕಿ, ಶೇಂಗಾ ಹಿಂಡಿ, ಖಡಕ್ ರೊಟ್ಟಿ ಇವುಗಳ ಗಂಟು ನಮ್ಮ ಮನೆಯವರ ಪಾಲಿಗೆ.

ಹೀಗೆ ಬರೆಯುತ್ತ ಕುಳಿತಾಗ ನನ್ನ ಲೇಖನಿಯನ್ನು ತಡೆದುದು ಸಮಂತಭದ್ರಾಚಾರ್ಯರ ಇನ್ನೊಂದು ಮಾತು. ಅನರ್ಥದಂಡಗಳಲ್ಲಿ ಒಂದಾದ ಪ್ರಮಾದಚರ್ಯೆಯನ್ನು ವಿವರಿಸುವಾಗ ಅವರು ವ್ಯರ್ಥವಾಗಿ ನೆಲ ಅಗೆಯುವುದು, ನೀರು ಚೆಲ್ಲುವುದು, ಬೆಂಕಿ ಹೊತ್ತಿಸುವುದು, ಗಾಳಿ ಬೀಸುವುದು, ಗಿಡ ಕಡಿಯುವುದು ಇವುಗಳ ಸಾಲಿನಲ್ಲಿ ಸರಣ, ಸಾರಣ ಎಂಬ ಎರಡನ್ನು ಸೇರಿಸುತ್ತಾರೆ. ಸರಣವೆಂದರೆ ಪ್ರಯೋಜನವಿಲ್ಲದೆ ತಾನು ತಿರುಗುವುದು. ಸಾರಣವೆಂದರೆ ಇತರರನ್ನು ತಿರುಗಿಸುವುದು. ಆಚಾರ್ಯರ ಸೂಕ್ಷ್ಮತೆಯನ್ನು ನೋಡಿರಿ. ತಿರುಗುವವನಷ್ಟೇ ಅಲ್ಲ, ತಿರುಗಾಟದ ಪಟ್ಟಿಯನ್ನು ಬರೆದುಕೊಡುವವನೂ ಲೆಕ್ಕಕ್ಕೆ ಬಂದನು. ಐದು ಜನರ ಎಂಟು ದಿನಗಳನ್ನು ಕಾಗದದ ಮೇಲೆ ಓಡಿಸುತ್ತಿದ್ದ ನಾನೇ ಅಲ್ಲಿ ಸಾರಕ!

ಇಂಥ ಸಂದರ್ಭದಲ್ಲಿ ನಮ್ಮವರು ಬಳಸುವ ಉಪಾಯವೊಂದಿದೆ. ಪ್ರವಾಸದ ಪಟ್ಟಿಗೆ ಎರಡು ಬಸದಿಗಳನ್ನು ಸೇರಿಸಿ ಅದಕ್ಕೆ ಯಾತ್ರೆಯೆಂದು ಹೆಸರಿಡುವುದು. ನಮ್ಮ ಪಟ್ಟಿಯಲ್ಲಿ ಎರಡಲ್ಲ, ಇಪ್ಪತ್ತಕ್ಕೂ ಹೆಚ್ಚು ಬಸದಿಗಳಿದ್ದವು. ಮಗನೂ ಅದನ್ನೇ ಹೇಳಿದನು: "ಇದು ಯಾತ್ರೆನೇ ಅಲ್ಲೇನ್ರಿ ಅಪ್ಪಾ?" ನಾನು ಒಪ್ಪಲಿಲ್ಲ. ಮನೆಯಲ್ಲಿ ಮಾತು ಹುಟ್ಟಿದುದು ಕಡಲಿನಿಂದ. ಬಸದಿಗಳು ಬಂದುದು ಆಮೇಲೆ. ವಿಹಾರಕ್ಕೆ ಹೊರಟು ಯಾತ್ರೆಯೆಂದು ಹೇಳಿಕೊಂಡರೆ, ತಿರುಗಾಟದ ಪ್ರಮಾದದ ಮೇಲೆ ಮಾಯಾಕಷಾಯವನ್ನೂ ಹೊತ್ತಂತಾಯಿತು. ಮೊದಲನೆಯದು ಕಾಲಿನ ದೋಷ, ಎರಡನೆಯದು ಮನಸ್ಸಿನದು. ನಿಜವಾಗಿ ಯಾತ್ರೆಯ ಬಯಕೆಯೇ ಇದ್ದಿದ್ದರೆ ನಾವು ಐದುನೂರು ಕಿಲೋಮೀಟರ್ ಹೋಗಬೇಕಿರಲಿಲ್ಲ. ಅಮೋಘವರ್ಷ ನೃಪತುಂಗನ ಮಾನ್ಯಖೇಟ, ಇಂದಿನ ಮಳಖೇಡ, ಯಾದಗಿರಿಯಿಂದ ಎರಡು ಗಂಟೆಯ ದಾರಿಯೂ ಅಲ್ಲ. ಜಯಧವಲಾ ಟೀಕೆಯನ್ನು ಪೂರ್ಣಗೊಳಿಸಿದ ಜಿನಸೇನಾಚಾರ್ಯರು ಆ ಅರಸನಿಗೆ ಗುರುಗಳಾಗಿದ್ದವರು. ಅದೇ ಜಯಧವಲದ ತಾಡವಾಲೆಗಳನ್ನು ಮೂಡಬಿದಿರೆಯವರು ಶತಮಾನಗಳ ಕಾಲ ಕಾಪಾಡಿದರು. ಮೂಡಬಿದಿರೆಯಲ್ಲಿ ಕೈಮುಗಿದು ಬಂದ ನಮ್ಮ ಕಡೆಯ ಎಷ್ಟು ಮಂದಿ ಮಳಖೇಡದ ನೇಮಿನಾಥ ಬಸದಿಯ ಹೊಸ್ತಿಲನ್ನು ತುಳಿದಿದ್ದಾರೆ? ಇರಲಿ, ಇದು ಬೇರೆಯ ಮಾತು.

ಹಾಗಾದರೆ ನೋಡುವುದೇ ನಿಷ್ಫಲವೇ? ಅದನ್ನೂ ನಾನು ಹೇಳಲಾರೆ. ಸುರಪುರದಲ್ಲಿ ಮಾಸ್ತರನಾಗಿದ್ದಾಗ ಪ್ರತಿವರ್ಷ ಹುಡುಗರನ್ನು ಕರೆದುಕೊಂಡು ಮೆಡೋಸ್ ಟೇಲರನ ಬಂಗಲೆ, ಶಹಾಪುರದ ಮಲಗಿದ ಬುದ್ಧನ ಬೆಟ್ಟ, ಶಿರವಾಳದ ಹಳೆಯ ಗುಡಿಗಳು, ಇವನ್ನೆಲ್ಲ ತೋರಿಸಿದವನು ನಾನು. ಬೆಟ್ಟಗಳ ಸಾಲು ಮಲಗಿದ ಮನುಷ್ಯನಂತೆ ಕಾಣುವುದು ಯಾವ ತಿರುವಿನಿಂದ ಎಂದು ಹುಡುಗರು ತಾವೇ ಕಂಡುಹಿಡಿದಾಗ ಅವರ ಮುಖದಲ್ಲಿ ಮೂಡುವುದನ್ನು ವ್ಯರ್ಥವೆನ್ನಲು ನನ್ನ ನಾಲಗೆ ಬಾರದು. ಅನರ್ಥದಂಡವೆಂಬ ಹೆಸರಿನಲ್ಲಿಯೇ ಅನರ್ಥವಿದೆ. ಅರ್ಥವಿಲ್ಲದುದು ಮಾತ್ರ ಅದರೊಳಗೆ ಬರುತ್ತದೆ.

ತುಳುನಾಡಿನ ಚರಿತ್ರೆಯಲ್ಲಿಯೇ ಇದಕ್ಕೊಂದು ದೃಷ್ಟಾಂತವಿದೆ. 1623ರಲ್ಲಿ ಪಿಯೆತ್ರೊ ದೆಲ್ಲ ವಲ್ಲೆ ಎಂಬ ರೋಮ್ ನಗರದ ಪ್ರವಾಸಿಯೊಬ್ಬನು ಮಂಗಳೂರಿಗೆ ಬಂದನು. ಅವನು ವ್ಯಾಪಾರಿಯಲ್ಲ, ಪಾದ್ರಿಯಲ್ಲ. ನೋಡುವುದಕ್ಕಾಗಿಯೇ ವರ್ಷಗಟ್ಟಲೆ ದೇಶ ಸುತ್ತಿದವನು. ಚೌಟವಂಶದ ಉಳ್ಳಾಲದ ರಾಣಿಯನ್ನು ಕಾಣಬೇಕೆಂದು ಮಣೇಲಿಗೆ ಹೋದನು. ರಾಣಿ ಅವನಿಗೆ ಎದುರಾದುದು ದಾರಿಯಲ್ಲಿ. ಬರಿಗಾಲಿನಲ್ಲಿ, ಸಾದಾ ಬಟ್ಟೆಯಲ್ಲಿ, ತಾನು ತೋಡಿಸುತ್ತಿದ್ದ ನೀರಿನ ಕಾಲುವೆಯನ್ನು ನೋಡಲು ಆಕೆ ನಡೆದು ಹೊರಟಿದ್ದಳು. ಇಬ್ಬರೂ ನೋಡಲು ಹೊರಟವರೇ. ಆಕೆಯ ನೋಟಕ್ಕೆ ಪ್ರಯೋಜನ ಸ್ಪಷ್ಟ. ಅವನ ನೋಟಕ್ಕೆ ಅಂದು ಏನು ಪ್ರಯೋಜನವಿದ್ದಿತೋ. ಆದರೆ ಅವನು ನೋಡಿ ಪತ್ರಗಳಲ್ಲಿ ಬರೆದಿಟ್ಟುದರಿಂದಲೇ ನಾಲ್ಕು ಶತಮಾನಗಳ ತರುವಾಯ ಬರಿಗಾಲಿನ ಆ ಜೈನರಾಣಿ ನಮ್ಮ ಕಣ್ಣಿಗೆ ಬೀಳುತ್ತಾಳೆ. ಸಫಲ ನಿಷ್ಫಲಗಳ ತೀರ್ಪನ್ನು ಹೊರಡುವ ದಿನವೇ ಕೊಡುವುದು ಕಷ್ಟ.

ಹೀಗೆ ಮನಸ್ಸನ್ನು ಸಮಾಧಾನಪಡಿಸಿಕೊಂಡು ನಾನು ಮತ್ತೆ ಬರೆಯತೊಡಗಿದೆನು. ತೊಡಕು ಬಂದುದು ಆರನೆಯ ದಿನದಲ್ಲಿ. ಮಲ್ಪೆಯ ದಂಡೆಯಿಂದ ಸುಮಾರು 6 ಕಿಲೋಮೀಟರ್ ದೂರದಲ್ಲಿ, ಕಡಲ ನಡುವೆ, ಸೇಂಟ್ ಮೇರೀಸ್ ಎಂಬ ದ್ವೀಪಗಳಿವೆ. ಸುಮಾರು 8.8 ಕೋಟಿ ವರ್ಷಗಳ ಹಿಂದೆ, ಮಡಗಾಸ್ಕರ್ ಇನ್ನೂ ಭಾರತಕ್ಕೆ ಅಂಟಿಕೊಂಡಿದ್ದಾಗ, ನೆಲದೊಳಗಿಂದ ಉಕ್ಕಿದ ಲಾವಾರಸ ತಣಿದು ಕಂಬಕಂಬವಾಗಿ ಸೀಳಿ ನಿಂತ ಬಂಡೆಗಳು ಅಲ್ಲಿವೆ. ಹೆಚ್ಚಿನವು ಆರು ಮುಖದ ಕಂಬಗಳು, ಶಿಲ್ಪಿಯೇ ಕಡೆದಂತೆ. ಭೂಗೋಳದ ಮಾಸ್ತರನೊಬ್ಬನು ತುಳುನಾಡಿನಲ್ಲಿ ಒಂದೇ ಒಂದು ಸ್ಥಳ ನೋಡಬೇಕೆಂದರೆ ಅದನ್ನೇ ನೋಡಬೇಕು. ಆ ಬಂಡೆಗಳ ಚಿತ್ರವನ್ನು ಕಪ್ಪು ಹಲಗೆಯ ಮೇಲೆ ಎಷ್ಟೋ ಸಲ ಬರೆದಿದ್ದೇನೆ. ಮಳೆಗಾಲ ಕಳೆದ ಮೇಲೆ ಮಲ್ಪೆಯಿಂದ ದೋಣಿಗಳು ಹೋಗುತ್ತವೆ.

ಪಟದ ಮೇಲೆ ಆ ಚುಕ್ಕೆಗಳು ನೀಲಿಯೊಳಗಿದ್ದವು.

ಮಗನು ವಾದ ಹೂಡಿದನು. ದೇಶದ ಪ್ರಾದೇಶಿಕ ಸಮುದ್ರವು ದಂಡೆಯಿಂದ 12 ನಾಟಿಕಲ್ ಮೈಲು, ಅಂದರೆ 22 ಕಿಲೋಮೀಟರ್ ದೂರದವರೆಗೆ ಇದೆ. ದ್ವೀಪಗಳು ಉಡುಪಿ ಜಿಲ್ಲೆಗೇ ಸೇರಿದವು. ಆದುದರಿಂದ ಕಡಲೆಂಬ ಮೇರೆಯನ್ನು ದೇಶದ ಮೇರೆಯೆಂದು ತಿಳಿಯಬಹುದಲ್ಲವೇ? ನಮ್ಮ ಮನೆಯವರದು ಅದಕ್ಕಿಂತಲೂ ಹರಿತವಾದ ಮಾತು: "ಇಳಿತದಾಗ ನೀರು ಹಿಂದ ಸರೀತದಂತ. ಆಗ ನಿಮ್ಮ ವ್ರತನೂ ಅದರ ಹಿಂದ ಹೋಗ್ತದೇನ್ರಿ?" ಎಲ್ಲರೂ ನಕ್ಕರು, ನಾನೂ ನಕ್ಕೆನು. ಆದರೆ ಒಳಗೆ ನಾನೂ ಅದನ್ನೇ ಹುಡುಕುತ್ತಿದ್ದೆನು. ಬೆಳಗೊಳದಲ್ಲಿ ಕಡಲು ಎಂದಾಗ ನನ್ನ ಮನಸ್ಸಿನಲ್ಲಿದ್ದುದು ದಂಡೆಯೇ, ದಿಗಂತವೇ? ಮುನಿಗಳು ಕೇಳಲಿಲ್ಲ, ನಾನು ಹೇಳಲಿಲ್ಲ. ಆರು ಕಿಲೋಮೀಟರಿನಷ್ಟು ಸಂದಿಗ್ಧ ಅಲ್ಲಿ ಉಳಿದಿದ್ದಿತು.

ಉಮಾಸ್ವಾಮಿಗಳು ತತ್ತ್ವಾರ್ಥಸೂತ್ರದ ಏಳನೆಯ ಅಧ್ಯಾಯದಲ್ಲಿ ದಿಗ್ವ್ರತಕ್ಕೆ ಐದು ಅತಿಚಾರಗಳನ್ನು ಹೇಳುತ್ತಾರೆ: ಮೇಲೆ, ಕೆಳಗೆ, ಅಡ್ಡಲಾಗಿ ಮೇರೆ ಮೀರುವುದು ಮೂರು, ಕ್ಷೇತ್ರವೃದ್ಧಿ ನಾಲ್ಕನೆಯದು, ಮೇರೆಯನ್ನು ಮರೆಯುವ ಸ್ಮೃತ್ಯಂತರಾಧಾನ ಐದನೆಯದು. ಕೊನೆಯದರಲ್ಲಿ ನಾನು ಒಮ್ಮೆ ಸಿಕ್ಕಿಬಿದ್ದವನು. ವ್ರತ ಹಿಡಿದ ಮರುವರ್ಷವೇ ಸಹೋದ್ಯೋಗಿಗಳೊಂದಿಗೆ ಚಿಕ್ಕಮಗಳೂರಿನ ಮುಳ್ಳಯ್ಯನಗಿರಿಯನ್ನು ಹತ್ತಿದೆನು. ಅದು 1,900 ಮೀಟರಿಗೂ ಮಿಕ್ಕಿದ ಶಿಖರ. ಸಮ್ಮೇದಗಿರಿಯಾದರೋ ಸುಮಾರು 1,365. ಎತ್ತರಗಳ ಪಟ್ಟಿಯನ್ನು ಬಾಯಿಪಾಠ ಮಾಡಿಸಿದ ಮಾಸ್ತರನಿಗೆ ತನ್ನ ವ್ರತದ ಎತ್ತರ ನೆನಪಾದುದು ಬೆಟ್ಟ ಇಳಿದ ಮೇಲೆ. ಅದಕ್ಕೆ ಉಪವಾಸ ಮಾಡಿ ಆಲೋಚನೆ ಒಪ್ಪಿಸಿದೆನು. ಮರೆತು ಮಾಡಿದುದಕ್ಕೆ ಪ್ರಾಯಶ್ಚಿತ್ತ ಸುಲಭ.

ಕ್ಷೇತ್ರವೃದ್ಧಿ ಹಾಗಲ್ಲ. ಪೂಜ್ಯಪಾದರು ಸರ್ವಾರ್ಥಸಿದ್ಧಿಯಲ್ಲಿ ಅದನ್ನು ಬಿಡಿಸಿದ ಬಗೆ ಮನನೀಯವಾಗಿದೆ. ಅವರ ಅಭಿಪ್ರಾಯದಂತೆ, ಒಮ್ಮೆ ಗೊತ್ತುಮಾಡಿದ ದಿಕ್ಕನ್ನು ಲೋಭಕ್ಕೆ ಒಳಗಾಗಿ ಹೆಚ್ಚಿಸಬೇಕೆಂಬ ಸಂಕಲ್ಪವೇ ಕ್ಷೇತ್ರವೃದ್ಧಿ. ಹೆಜ್ಜೆಯಲ್ಲ, ಸಂಕಲ್ಪ. ದಿಗ್ವ್ರತವು ಹಿಂದೆ ಬಹುಮಟ್ಟಿಗೆ ಹಡಗಿನ ವರ್ತಕರ ಹಣದ ಲೋಭಕ್ಕೆ ಹಾಕಿದ ಕಟ್ಟೆಯಾಗಿದ್ದಿರಬೇಕು; ಇಂದು ನಮಗೆ ಕಣ್ಣಿನ ಲೋಭ ಬಂದಿದೆ. ನನ್ನ ಪ್ರಶ್ನೆಗೆ ಉತ್ತರ ಇಲ್ಲಿಯೇ ಇದ್ದಿತು. ಕಡಲು ಎಲ್ಲಿ ಆರಂಭವಾಗುತ್ತದೆ ಎಂಬುದು ಬೆಳಗೊಳದಲ್ಲಿ ಕೇಳಿಕೊಂಡಿದ್ದರೆ ಶುದ್ಧವಾದ ಪ್ರಶ್ನೆಯಾಗುತ್ತಿದ್ದಿತು. ದೋಣಿಯ ಆಸೆ ಹುಟ್ಟಿದ ಮೇಲೆ ಕೇಳಿದುದರಿಂದ ಅದು ಪ್ರಶ್ನೆಯಾಗಿ ಉಳಿಯಲಿಲ್ಲ. ಇದೇ ಸಂದಿಗ್ಧವು ನನಗೆ ಬೇಡವಾದ ಕೆಲಸವೊಂದಕ್ಕೆ ಅಡ್ಡ ಬಂದಿದ್ದರೆ, ನಾನು ಕ್ಷಣವೂ ಯೋಚಿಸದೆ ದಂಡೆಯೇ ಮೇರೆಯೆನ್ನುತ್ತಿದ್ದೆನು. ಹಾಗೆ ಹೇಳುತ್ತಿದ್ದೆನೆಂಬುದೇ ಮೇರೆ ಎಲ್ಲಿದೆಯೆಂಬುದಕ್ಕೆ ಸಾಕ್ಷಿ.

ಇಷ್ಟು ಹೇಳಿದರೆ ವ್ರತವೆಂಬುದು ಬರಿಯ ಬಿಗಿ ಹಗ್ಗವೆಂದು ಓದುಗರಿಗೆ ತೋರಬಹುದು. ನನ್ನ ತಾಯಿಯ ಸಂಗತಿಯನ್ನು ಹೇಳದೆ ಈ ವಿಷಯವನ್ನು ನಾನು ಮುಂದುವರಿಸಲಾರೆ. ನಮ್ಮ ಅವ್ವನು ಪ್ರತಿ ಚಾತುರ್ಮಾಸದಲ್ಲಿ ಕೃಷ್ಣಾ ಭೀಮಾ ನದಿಗಳ ನಡುವಿನ ನೆಲವನ್ನು ಬಿಟ್ಟು ಹೋಗುವುದಿಲ್ಲವೆಂಬ ನಿಯಮ ಹಿಡಿಯುತ್ತಿದ್ದಳು. ಶಹಾಪುರ, ಸುರಪುರ ಅವಳ ಒಳಗೆ. ಯಾದಗಿರಿಯ ರೈಲು ನಿಲ್ದಾಣ ಭೀಮೆಯಾಚೆ, ಆದುದರಿಂದ ಹೊರಗೆ. 1971ರ ಮಳೆಗಾಲದಲ್ಲಿ ಕೃಷ್ಣೆಯಾಚೆ ಲಿಂಗಸುಗೂರಿನಲ್ಲಿ ಅವಳ ಅಕ್ಕ ಹಾಸಿಗೆ ಹಿಡಿದಳು. ಕರೆ ಬಂದಿತು. ಅವ್ವ ಹೋಗಲಿಲ್ಲ. ಅಪ್ಪನು ಹೋದನು. ಅವ್ವ ಅನ್ನ ಬಿಟ್ಟು ಕುಳಿತಳು. ಮೂರನೆಯ ದಿನ ದೊಡ್ಡವ್ವ ತೀರಿಕೊಂಡಳೆಂದು ಸುದ್ದಿ ಬಂದಿತು. ನನಗೆ ಆಗ ಹನ್ನೆರಡು ವರ್ಷ. ಹೊಳೆಯನ್ನು ಅಕ್ಕನಿಗಿಂತ ದೊಡ್ಡದು ಮಾಡಿದ ಆ ವ್ರತದ ಮೇಲೆ ನನಗೆ ಬಹುಕಾಲ ಕೋಪವಿದ್ದಿತು.

ಎಷ್ಟೋ ವರ್ಷಗಳ ಮೇಲೆ, ಅವಳಿಗೆ ಕಣ್ಣು ಮಂಜಾದ ಕಾಲದಲ್ಲಿ, ಒಮ್ಮೆ ಕೇಳಿಯೇಬಿಟ್ಟೆನು. ಅವಳು ವಾದ ಮಾಡಲಿಲ್ಲ. "ಹೋಗಬೇಕಾಗಿತ್ತೇನೋಪಾ. ಆದ್ರ ಆ ವರ್ಷ ಅಕ್ಕನ ಸಲುವಾಗಿ ದಾಟಿದ್ರ, ಮುಂದಿನ ವರ್ಷ ಮದಿವಿ ಸಲುವಾಗಿ ದಾಟ್ತಿದ್ದೆ. ನನ್ನ ನನಗ ಗೊತ್ತಿತ್ತು" ಎಂದಳು. ನನಗೆ ಇಂದಿಗೂ ಪೂರ್ಣ ಒಪ್ಪಿಗೆಯಾಗಿಲ್ಲ. ಕಟ್ಟೆ ಒಡೆಯುತ್ತದೆಂದು ಅವಳು ಅಂಜಿದುದು ನಿಜವಾದ ಅಂಜಿಕೆಯೇ. ಆದರೂ ಸಾಯುವವರ ಕೈ ಹಿಡಿಯುವುದಕ್ಕೂ ಮದುವೆಯ ಊಟಕ್ಕೂ ಅಂತರವಿದೆ, ಮತ್ತು ಆ ಅಂತರವನ್ನು ಕಾಣಬಲ್ಲ ಬುದ್ಧಿ ಅವಳಿಗೆ ಇದ್ದಿತು. ಅದಕ್ಕಾಗಿ ನಾನು ವ್ರತ ಸ್ವೀಕರಿಸುವಾಗ ಒಂದು ಆಗಾರವನ್ನು ಇಟ್ಟುಕೊಂಡೆನು: ಬಂಧುಗಳ ರೋಗ, ಮರಣ, ಗುರುಗಳ ಆಜ್ಞೆ, ಈ ಮೂರರಲ್ಲಿ ಮೇರೆಯಿಲ್ಲ. ವಿನಾಯತಿಯನ್ನು ಇಟ್ಟುಕೊಳ್ಳುವುದಾದರೆ ವ್ರತ ಹಿಡಿಯುವ ದಿನವೇ, ಮನಸ್ಸು ತಣ್ಣಗಿರುವಾಗಲೇ ಇಟ್ಟುಕೊಳ್ಳತಕ್ಕದ್ದು. ನನ್ನ ಮೂರು ವಿನಾಯತಿಗಳಲ್ಲಿ ದೋಣಿವಿಹಾರವಿಲ್ಲ. ಅಕ್ಕನಿಗಾಗಿ ಹೊಳೆ ದಾಟದವಳ ಮಗನು ಬಂಡೆಗಳಿಗಾಗಿ ಕಡಲು ದಾಟುವುದೆಂದರೆ, ಅವಳ ಆ ಮೂರು ದಿನಗಳನ್ನು ನಾನು ಏನೆಂದು ಕರೆದಂತಾಗುತ್ತದೆ?

ಇದರಲ್ಲಿ ಕಳೆದುಕೊಳ್ಳುವುದೇ ಇಲ್ಲವೆಂದು ಹೇಳಿದರೆ ಸುಳ್ಳಾದೀತು. ಆ ಕಂಬಗಳನ್ನು ಮುಟ್ಟುವ ಆಸೆ ನನಗೆ ಬಲವಾಗಿಯೇ ಇದ್ದಿತು. ಆದರೆ ಪಡೆಯುವುದೂ ಇದೆ, ಅದನ್ನು ಸಮಂತಭದ್ರರೇ ತೋರಿಸಿದ್ದಾರೆ. ಮೇರೆಯ ಒಳಗೆ ಅಣುವ್ರತಿಯಾಗಿಯೇ ಇರುವ ಶ್ರಾವಕನ ವ್ರತಗಳು, ಮೇರೆಯ ಹೊರಗೆ ಸೂಕ್ಷ್ಮಪಾಪಗಳೂ ನಿಂತುಹೋಗುವುದರಿಂದ, ಮಹಾವ್ರತಗಳಂತೆ ಆಗುತ್ತವೆ ಎಂಬುದು ಅವರ ಅಭಿಪ್ರಾಯ. ಇದನ್ನು ನಾನು ಎಷ್ಟೋ ಸಲ ಓದಿದ್ದೆನು. ಪಟದ ಮುಂದೆ ಕುಳಿತಾಗಲೇ ಅರ್ಥವಾದುದು. ಶಹಾಪುರದಲ್ಲಿ ನಾನು ನೂರು ಬಗೆಯ ಹಿಂಸೆಗೆ ಭಾಗಿಯಾದ ಗೃಹಸ್ಥ. ಆದರೆ ಆ ನೀಲಿ ಬಣ್ಣವಿರುವಲ್ಲೆಲ್ಲ, ಅದರಾಚೆಯ ದೇಶಗಳಲ್ಲೆಲ್ಲ, ನನ್ನಿಂದ ಒಂದು ಜೀವಕ್ಕೂ ಭಯವಿಲ್ಲ. ಅಷ್ಟು ದೊಡ್ಡ ಕಡಲಿನಲ್ಲಿ ನಾನು ನಿರಪರಾಧಿ. ಅದನ್ನು ಅರ್ಧ ಗಂಟೆಯ ದೋಣಿಗೆ ಕೊಟ್ಟುಬಿಡುವುದೇ?

ನನ್ನ ಮಾತು ಮುಗಿಯಿತು. ಮಕ್ಕಳ ಮಾತು ಉಳಿಯಿತು. ಅವರಿಗೆ ವ್ರತವಿಲ್ಲ, ನನ್ನ ಮೇರೆಯು ನನ್ನ ಆಸೆಗೆ ಹಾಕಿದುದೇ ಹೊರತು ಅವರ ಕಾಲಿಗೆ ಹಾಕಿದುದಲ್ಲ. ಆದರೆ ಕೃತ, ಕಾರಿತ, ಅನುಮೋದಿತ ಎಂಬ ಮೂರರಲ್ಲಿ, ದೋಣಿಯ ಹೊತ್ತನ್ನು ನನ್ನ ಕೈಯಾರೆ ಬರೆದರೆ ಕಾರಿತವಾಗುವುದಿಲ್ಲವೇ? ಆರನೆಯ ದಿನದ ಸಾಲಿನಲ್ಲಿ ಮಲ್ಪೆ ಎಂದು ಬರೆದು, ಮುಂದೆ ಜಾಗ ಖಾಲಿ ಬಿಟ್ಟೆನು. ಮೊಮ್ಮಗಳು ಕಾಗದವನ್ನು ಎಳೆದುಕೊಂಡು ಅಲ್ಲಿ ದೋಣಿ ಎಂದು ತಾನೇ ಬರೆದಳು. ಅವಳು ಬರೆಯುವಳೆಂದು ನನಗೆ ಗೊತ್ತಿದ್ದಿತು. ಖಾಲಿ ಬಿಟ್ಟುದು ವಿವೇಕವೋ, ನಾನು ಮಗನಲ್ಲಿ ಖಂಡಿಸಿದ ಮಾಯೆಯೋ, ವಾಚಕರೇ ನಿರ್ಣಯಿಸಲಿ.

ಮಾರ್ಗಶಿರದಲ್ಲಿ ಹೊರಟೆವು. ಯೋಜನೆಯಲ್ಲಿ ಬರೆದುದರಲ್ಲಿ ಬಹುಭಾಗ ನಡೆಯಿತು. ಮೂಡಬಿದಿರೆಯಲ್ಲಿ 1430ರ ಸಾವಿರ ಕಂಬದ ಬಸದಿಯ ಕಂಬಗಳನ್ನು ಎಣಿಸಲು ಹೊರಟ ಮೊಮ್ಮಗಳಿಂದಾಗಿ ವೇಣೂರಿಗೆ ಹೊತ್ತಾಯಿತು. ಆ ಸಂಜೆ ಊಟ ತಪ್ಪಿ ನಾವು ಹಿರಿಯರಿಬ್ಬರೂ ನೀರೂ ಇಲ್ಲದೆ ಮಲಗಿದೆವು. ಬಂಗ್ರಮಂಜೇಶ್ವರದಲ್ಲಿ ನಾವು ಐವರಲ್ಲದೆ ಬೇರೆ ದರ್ಶನಾರ್ಥಿಗಳಿರಲಿಲ್ಲ.

ಮಲ್ಪೆಯಲ್ಲಿ ಮೀನುಗಾರಿಕೆಯ ಬಂದರನ್ನು ದಾಟಿ ದಂಡೆಗೆ ಬಂದೆವು. ಅಲ್ಲಿ ನಾನು ಆ ಹೊತ್ತಿಗೆ ದೇಶವ್ರತವನ್ನೂ ಹಿಡಿದೆನು: ದೋಣಿ ಮರಳುವವರೆಗೆ ಈ ಗಾಳಿಮರದಿಂದ ಆ ಕಲ್ಲಿನ ಬೆಂಚಿನವರೆಗೆ. ದೇಶವ್ರತದ ಅತಿಚಾರಗಳು ಇನ್ನೂ ಸೂಕ್ಷ್ಮ. ಮೇರೆಯಾಚೆಯಿಂದ ವಸ್ತು ತರಿಸುವುದು, ಆಳನ್ನು ಕಳುಹಿಸುವುದು, ಕೂಗಿ ಸನ್ನೆ ಮಾಡುವುದು, ತನ್ನ ರೂಪ ತೋರಿಸಿ ಗಮನ ಸೆಳೆಯುವುದು, ಕಲ್ಲು ಎಸೆಯುವುದು. ಹುಡುಗಿ, "ಅಜ್ಜಾ, ನಿಮಗೊಂದು ಕಲ್ಲು ತರ್ಲೇನು?" ಎಂದಳು. ಬೇಡವೆಂದೆನು. ಅದು ರಾಷ್ಟ್ರದ ಭೂವೈಜ್ಞಾನಿಕ ಸ್ಮಾರಕ, ಯಾರೂ ತರಬಾರದು ಎಂಬ ಕಾರಣವನ್ನೂ ಹೇಳಿದೆನು. ಅಷ್ಟು ಕಾರಣ ಅವಳಿಗೆ ಸಾಕಾಯಿತು.

ದೋಣಿ ಹೊರಟಿತು. ನೋಡನೋಡುತ್ತಿದ್ದಂತೆ ಅವರ ಮುಖಗಳು ಬಣ್ಣದ ಚುಕ್ಕೆಗಳಾದವು. ಅದರಲ್ಲೊಂದು ಹಳದಿ ಚುಕ್ಕೆ ಎದ್ದು ನಿಂತು ಕೈ ಬೀಸತೊಡಗಿತು. ರೂಪಾನುಪಾತ, ಎಂದು ಮನಸ್ಸು ಎಚ್ಚರಿಸುವಷ್ಟರಲ್ಲಿ ನನ್ನ ಕೈ ಮೇಲೆದ್ದಿದ್ದಿತು.

ಮರುದಿನ ವರಂಗ. ಕೆರೆಯ ನಡುವೆ ನಾಲ್ಕು ಮುಖದ ಬಸದಿ, ದೋಣಿಯಲ್ಲಿಯೇ ಹೋಗಬೇಕು. ಹುಡುಗಿ ದಂಡೆಯಲ್ಲಿ ನಿಂತು ನನ್ನನ್ನು ಸಂಶಯದಿಂದ ನೋಡಿದಳು. "ಇದಕ್ಕೂ ನೀವು ಬರಂಗಿಲ್ಲೇನ್ ಅಜ್ಜಾ?" ಎಂದಳು. ಆಚೆಯ ದಂಡೆ ಕಾಣುತ್ತದೆಯೇ ನೋಡು, ಎಂದೆನು. ಕಾಣುತ್ತದೆ ಎಂದಳು. ಮೊದಲು ಅವಳನ್ನು ಹತ್ತಿಸಿ, ಆಮೇಲೆ ನಾನು ಹತ್ತಿದೆನು.